ಹೆದ್ದಾರಿ ಬದಿಯ ಬಂಕ್: ಕಂಬದ ಮೇಲಿನ ಫಲಕ, ಬಾಗಿಲ ಮೇಲಿಲ್ಲದ ಫಲಕ

ಟೆಕ್ಸಾಸಿನ ಅಂತರರಾಜ್ಯ ಹೆದ್ದಾರಿ 20ರಲ್ಲಿ ಅಬಿಲೀನ್ ದಾಟಿ ಮಿಡ್‌ಲ್ಯಾಂಡ್ ಕಡೆಗೆ ಹೋಗುವವರು ಪೆಟ್ರೋಲಿಗೆ ಎಲ್ಲಿ ನಿಲ್ಲಬೇಕು ಎಂದು ಕೇಳಿದರೆ ನಾನು ಹೇಳುವುದು ಒಂದೇ ಜಾಗ. ಸ್ವೀಟ್‌ವಾಟರ್ ಸುತ್ತಲಿನ ಗಾಳಿಯಂತ್ರಗಳು ವಿರಳವಾಗಿ, ಎಣ್ಣೆ ಎತ್ತುವ ಪಂಪುಗಳು ಹೊಲದಲ್ಲಿ ತಲೆ ಆಡಿಸುತ್ತಾ ಕಾಣಿಸಿಕೊಳ್ಳುವ ಕಡೆ ಇರುವ, ದೊಡ್ಡ ಕಂಪನಿಯ ಹೆಸರು ಹೊತ್ತಿರದ ಚಿಕ್ಕ ಬಂಕ್ ಅದು. ಮಾಲೀಕರು ಗುಜರಾತಿನವರು, ಅರವತ್ತು ದಾಟಿದವರು. ಹೆಸರು ಹಾಕಬೇಡಿ ಎಂದಿದ್ದಾರೆ; ಲಾರಿ ಚಾಲಕರೆಲ್ಲ ಕರೆಯುವಂತೆ ನಾನೂ ಕಾಕಾ ಎಂದೇ ಬರೆಯುತ್ತೇನೆ. ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವುದು ನನ್ನ ಕೆಲಸವಾದ್ದರಿಂದ ಈ ದಾರಿಯ ಬಂಕುಗಳ ಗುಣಾವಗುಣ ನನಗೆ ಚೆನ್ನಾಗಿ ಗೊತ್ತು. ಕಾಕಾ ಅವರ ಬಂಕಿಗೆ ಐದರಲ್ಲಿ ನಾಲ್ಕು ಅಂಕ. ಒಂದು ಅಂಕ ಏಕೆ ಕಳೆದೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೆಲೆ. ಕಂಬದ ಮೇಲಿನ ಫಲಕದಲ್ಲಿ ದೊಡ್ಡ ಅಂಕಿಗಳ ಪಕ್ಕದಲ್ಲಿ ಹತ್ತನೇ ಒಂಬತ್ತು ಸೆಂಟ್ ಎಂಬ ಸಣ್ಣ ಅಂಕಿ ಇರುತ್ತದೆ. ಎರಡು ಡಾಲರ್ ಎಪ್ಪತ್ತೊಂಬತ್ತು ಸೆಂಟ್ ಎಂದು ನೀವು ಓದಿಕೊಂಡದ್ದು ನಿಜವಾಗಿ ಎರಡು ಡಾಲರ್ ಎಂಬತ್ತೇ. ಅಮೆರಿಕದ ಎಲ್ಲ ಬಂಕುಗಳದೂ ಇದೇ ಆಟ, ಕಾಕಾ ಅವರದೇನೂ ಹೊಸತಲ್ಲ. ಆ ಬೆಲೆಯಲ್ಲಿ ಗ್ಯಾಲನ್ನಿಗೆ, ಅಂದರೆ ಮೂರೂಮುಕ್ಕಾಲು ಲೀಟರಿಗೆ, 38.4 ಸೆಂಟ್ ತೆರಿಗೆ: ರಾಜ್ಯದ 20 ಸೆಂಟ್ 1991ರಿಂದ ಹಾಗೆಯೇ ಇದೆ, ಕೇಂದ್ರದ 18.4 ಸೆಂಟ್ 1993ರಿಂದ ಹಾಗೆಯೇ ಇದೆ. ಬೆಲೆ ಎಷ್ಟೇ ಏರಲಿ, ಸರ್ಕಾರದ ಪಾಲು ಅಷ್ಟೇ. ಬೆಲೆ ಏರಿದಷ್ಟೂ ಮಾರಾಟ ತೆರಿಗೆಯ ಮೊತ್ತವೂ ಏರುವ ಕರ್ನಾಟಕದಿಂದ ಬಂದ ನನಗೆ ಇದು ಅರಗಲು ಸ್ವಲ್ಪ ಕಾಲ ಬೇಕಾಯಿತು.

ಉಳಿದದ್ದನ್ನು ನಿರ್ಧರಿಸುವವರು ಕಾಕಾ. ಮೇಲಿನಿಂದ ಯಾರೂ ಫೋನ್ ಮಾಡಿ ಇಷ್ಟಕ್ಕೇ ಮಾರು ಎನ್ನುವುದಿಲ್ಲ. ಮುಂದಿನ ಟ್ಯಾಂಕರ್ ಎಷ್ಟಕ್ಕೆ ಬರುತ್ತದೆ, ರಸ್ತೆಯಾಚೆಯ ಬಂಕಿನವನು ಬೆಳಿಗ್ಗೆ ಏನು ಹಾಕಿದ್ದಾನೆ, ಇವೆರಡನ್ನು ನೋಡಿ ಗಲ್ಲಾದ ಹಿಂದಿನ ಗುಂಡಿ ಒತ್ತುತ್ತಾರೆ. ಪೆಟ್ರೋಲಿನಲ್ಲಿ ಅವರಿಗೆ ಉಳಿಯುವುದು ಚಿಲ್ಲರೆ ಕಾಸು. ಅದರಲ್ಲೂ ಕಾರ್ಡಿನವರು ನೂರಕ್ಕೆ ಎರಡು ಮೂರು ಡಾಲರ್ ಕಿತ್ತುಕೊಳ್ಳುತ್ತಾರೆ. ಸಂಸಾರ ನಡೆಯುವುದು ಒಳಗಿನ ಕಾಫಿ, ತಂಪು ಪಾನೀಯ ಮತ್ತು ಒಣಮಾಂಸದ ಪೊಟ್ಟಣಗಳಿಂದ.

ಒಂದು ಮಧ್ಯಾಹ್ನ ನಾನು ಕಾಫಿ ಹಿಡಿದು ನಿಂತಿದ್ದಾಗ ದನ ಸಾಕುವ ಮನುಷ್ಯನೊಬ್ಬ ಒಳಗೆ ಬಂದು ಗಲ್ಲಾದ ಮೇಲೆ ಅಂಗೈ ಬಡಿದ. ನಿನ್ನೆಗಿಂತ ಹನ್ನೆರಡು ಸೆಂಟ್ ಜಾಸ್ತಿ ಮಾಡಿದ್ದೀಯ, ನೆಲದಡಿಯ ಟ್ಯಾಂಕಿನಲ್ಲಿ ಇರುವುದು ನಿನ್ನೆಯ ಎಣ್ಣೆಯೇ ತಾನೇ ಎಂದ. ಪ್ರಶ್ನೆಯಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಕಾಕಾ ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆ, "ಹೋದ ವರ್ಷ ಕೊಂಡ ಕರುವನ್ನು ಹೋದ ವರ್ಷದ ಬೆಲೆಗೇ ಹರಾಜಿಗೆ ಬಿಡುತ್ತೀರಾ?" ಎಂದರು. ಇದನ್ನು ಮಾರಿದ ದುಡ್ಡಿನಲ್ಲೇ ನಾಳೆಯ ಟ್ಯಾಂಕರ್ ಬರಬೇಕು ಎಂದೂ ಸೇರಿಸಿದರು. ಆತ ಇನ್ನೂ ಎರಡು ಮಾತು ಬೈದ.

ಆ ಹೊತ್ತಿನಲ್ಲಿ ನನ್ನ ಸೊಂಟದಲ್ಲಿ, ಅಂಗಿಯ ಒಳಗೆ, ಒಂಬತ್ತು ಎಂಎಂ ಗ್ಲಾಕ್ 19 ಪಿಸ್ತೂಲು ಇತ್ತು. ನಾನು ಮಾಡಿದ್ದು ಇಷ್ಟೇ: ಕಾಫಿ ಲೋಟವನ್ನು ಕೆಳಗಿಟ್ಟು ಹಾಲಿನ ಕಪಾಟಿನ ಕಡೆಗೆ ಸರಿದು ನಿಂತೆ. ಪಿಸ್ತೂಲು ಇರುವವನು ಮಧ್ಯೆ ಬಾಯಿ ಹಾಕಿದರೆ ಬಾಯಿ ಜಗಳ ಬೇರೆಯೇ ಜಗಳವಾಗುತ್ತದೆ. ಇದನ್ನು ಊರಿನ ಗೆಳೆಯರು ನಂಬುವುದಿಲ್ಲ. ಬಂದೂಕು ಬಂದರೆ ಎದೆ ಉಬ್ಬುತ್ತದೆ ಎಂದೇ ಅವರ ಲೆಕ್ಕ. ನನಗಾದದ್ದು ತದ್ವಿರುದ್ಧ. ದಾರಿಯಲ್ಲಿ ಅಡ್ಡ ನುಗ್ಗಿದವನಿಗೆ ಹಾರ್ನ್ ಹೊಡೆಯುವುದನ್ನೂ ಬಿಟ್ಟಿದ್ದೇನೆ. ದನದವನು ಕೊನೆಗೆ ಟ್ಯಾಂಕು ತುಂಬಿಸಿಕೊಂಡೇ ಹೋದ, ಏಕೆಂದರೆ ಎದುರು ಬಂಕಿನಲ್ಲಿ ಇನ್ನೂ ಎರಡು ಸೆಂಟ್ ಹೆಚ್ಚಿತ್ತು.

ಬೆಲೆಯನ್ನು ಅದರ ಪಾಡಿಗೆ ಬಿಡಬೇಕು ಎನ್ನುವ ಪಕ್ಷ ನನ್ನದು. ಅದು ಓದಿ ಬಂದದ್ದಲ್ಲ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಕರಾವಳಿಗೆ ಅಪ್ಪಳಿಸಿ ಅಲ್ಲಿನ ಸಂಸ್ಕರಣಾಗಾರಗಳು ನಿಂತಾಗ ನಾನು ಡಲ್ಲಾಸಿನಲ್ಲಿದ್ದೆ. ಪೆಟ್ರೋಲ್ ಮುಗಿಯುತ್ತದಂತೆ ಎಂಬ ಸುದ್ದಿ ಹಬ್ಬಿ ಅರ್ಧ ಟ್ಯಾಂಕು ಇದ್ದವರೂ ಸಾಲು ನಿಂತರು. ಒಂದಾದ ಮೇಲೆ ಒಂದು ಬಂಕಿನಲ್ಲಿ ನಾನು ಕಂಡದ್ದು ಒಂದೇ ನೋಟ: ಕಂಬದ ಮೇಲೆ ಅಷ್ಟೇನೂ ಏರದ ಬೆಲೆ, ಕೆಳಗೆ ಪಂಪಿನ ಮೂತಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ. ಬೆಲೆ ಸಸ್ತಾ, ಮಾಲು ಇಲ್ಲ. ಗವರ್ನರ್ ವಿಪತ್ತು ಘೋಷಿಸಿದ ಮೇಲೆ ಇಂಧನಕ್ಕೆ ವಿಪರೀತ ಬೆಲೆ ಕೇಳುವುದು ಟೆಕ್ಸಾಸಿನ ಗ್ರಾಹಕ ಕಾನೂನಿಗೆ ವಿರುದ್ಧ. ವಿಪರೀತ ಎಂದರೆ ಎಷ್ಟು ಎಂದು ಕಾನೂನು ಹೇಳುವುದಿಲ್ಲ. ಆದ್ದರಿಂದ ಹೆದರಿದ ಮಾಲೀಕ ಬೆಲೆ ಮುಟ್ಟುವುದೇ ಇಲ್ಲ. ಎರಡು ಡಾಲರ್ ಹೆಚ್ಚು ಹಾಕಿದ್ದರೆ ಅರ್ಧ ಟ್ಯಾಂಕಿನವರು ಮನೆಗೆ ಹೋಗುತ್ತಿದ್ದರು, ಖಾಲಿ ಟ್ಯಾಂಕಿನವನಿಗೆ ಸಿಗುತ್ತಿತ್ತು.

ನನ್ನ ಹೆಂಡತಿ ಈ ಮಾತನ್ನು ಒಪ್ಪುವುದಿಲ್ಲ. ರಾತ್ರಿ ಪಾಳಿಯ ನರ್ಸಿನ ಟ್ಯಾಂಕೂ ಖಾಲಿಯೇ ಇರುತ್ತದೆ, ಆ ಎರಡು ಡಾಲರ್ ಅವಳ ಕೈಯಲ್ಲಿ ಇಲ್ಲದಿದ್ದರೆ ಏನು ಮಾಡುತ್ತಾಳೆ ಎಂದು ಕೇಳುತ್ತಾಳೆ. ನರ್ಸಿಗೆ ದುಡ್ಡು ಕೊಡಿ, ಬೆಲೆಯನ್ನು ಕಟ್ಟಿಹಾಕಬೇಡಿ ಎನ್ನುತ್ತೇನೆ. ಯಾರು ಕೊಡುತ್ತಾರೆ, ಅದೇ ರಾತ್ರಿ ಕೊಡುತ್ತಾರೆಯೇ ಎನ್ನುತ್ತಾಳೆ. ಈ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಆದರೆ ಕಟ್ಟಿಹಾಕಿದ ಬೆಲೆಯ ಕಥೆ ಈ ದೇಶ ಒಮ್ಮೆ ನೋಡಿದೆ. ನಿಕ್ಸನ್ 1971ರಲ್ಲಿ ಬೆಲೆಗಳನ್ನು ನಿಲ್ಲಿಸಿದರು, ತೈಲದ ಮೇಲಿನ ಹಿಡಿತ ಹತ್ತು ವರ್ಷ ಉಳಿಯಿತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದಾಗ ಮೈಲುದ್ದದ ಸಾಲುಗಳಾದವು, ಕಾರಿನ ನಂಬರಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ಪೆಟ್ರೋಲ್ ಹಾಕಿದರು. 1981ರ ಜನವರಿಯಲ್ಲಿ ರೇಗನ್ ಉಳಿದ ಹಿಡಿತವನ್ನೂ ತೆಗೆದರು. 1986ರಲ್ಲಿ ಬೆಲೆ ಕುಸಿಯಿತು; ಸೌದಿ ಅರೇಬಿಯಾ ಉತ್ಪಾದನೆ ಹೆಚ್ಚಿಸಿದ್ದೂ ಅದಕ್ಕೆ ಕಾರಣ, ಎಲ್ಲವನ್ನೂ ರೇಗನ್ ಖಾತೆಗೆ ಬರೆಯಲಾಗದು. ನಮ್ಮಲ್ಲೂ ಪೆಟ್ರೋಲ್ 2010ರಲ್ಲಿ, ಡೀಸೆಲ್ 2014ರಲ್ಲಿ ಕಾಗದದ ಮೇಲೆ ಮುಕ್ತವಾದವು, 2017ರ ಜೂನ್‌ನಿಂದ ದಿನದಿನದ ಪರಿಷ್ಕರಣೆಯೂ ಬಂತು. ಆದರೆ 2022ರ ಏಪ್ರಿಲ್‌ನಲ್ಲಿ ಆ ದಿನದಿನದ ಬದಲಾವಣೆ ನಿಂತೇ ಹೋಯಿತು. ಕಂಪನಿಗಳು ಎರಡು ರೂಪಾಯಿ ಇಳಿಸಿದ್ದು 2024ರ ಮಾರ್ಚಿನಲ್ಲಿ, ಲೋಕಸಭಾ ಚುನಾವಣೆ ಹೊಸ್ತಿಲಲ್ಲಿದ್ದಾಗ. ಅದನ್ನು ಮುಕ್ತ ಮಾರುಕಟ್ಟೆ ಎನ್ನುವುದಾದರೆ ನನಗೆ ಬೇರೆ ಪದ ಬೇಕು.

ಕಾಕಾ ಅವರನ್ನೂ ಸುಮ್ಮನೆ ಬಿಡುವುದಿಲ್ಲ. ಏರಿಸುವಾಗ ಒಂದೇ ಬೆಳಿಗ್ಗೆ, ಇಳಿಸುವಾಗ ದಿನಕ್ಕೊಂದು ಸೆಂಟ್. ಕೇಳಿದರೆ ನಗುತ್ತಾರೆ. ಅವರ ಕೈ ಹಿಡಿದು ಇಳಿಸುವವನು ಎದುರು ಬಂಕಿನವನೇ, ಸರ್ಕಾರವಲ್ಲ. ಅಂದಹಾಗೆ 2020ರ ಏಪ್ರಿಲ್ 20ರಂದು ನ್ಯೂಯಾರ್ಕ್ ಪೇಟೆಯಲ್ಲಿ ಇದೇ ಪಶ್ಚಿಮ ಟೆಕ್ಸಾಸಿನ ಮಾದರಿಯ ಕಚ್ಚಾ ಎಣ್ಣೆಯ ಮುಂಗಡ ಬೆಲೆ ಬ್ಯಾರಲ್ಲಿಗೆ ಸೊನ್ನೆಗಿಂತ 37.63 ಡಾಲರ್ ಕೆಳಗೆ ಮುಗಿಯಿತು. ಆ ವಾರ ಯಾರೂ ಬಂದು ಇಷ್ಟು ಕಡಿಮೆ ಏಕೆ ಎಂದು ಗಲ್ಲಾ ಬಡಿಯಲಿಲ್ಲವಂತೆ.

ಇನ್ನು ಬಾಗಿಲ ಫಲಕ. ಟೆಕ್ಸಾಸಿನಲ್ಲಿ ಅಂಗಡಿಯವನಿಗೆ ಪಿಸ್ತೂಲು ಬೇಡವಾದರೆ ಬಾಗಿಲಿಗೆ ಫಲಕ ಹಾಕುವ ಹಕ್ಕು ಇದೆ. ಲೈಸೆನ್ಸ್ ಇದ್ದು ಮರೆಮಾಡಿ ತರುವವನಿಗೆ 30.06, ಕಾಣುವಂತೆ ತರುವವನಿಗೆ 30.07, ಲೈಸೆನ್ಸ್ ಇಲ್ಲದವನಿಗೆ 30.05; ದಂಡಸಂಹಿತೆಯ ಕಲಮುಗಳೇ ಫಲಕಗಳ ಹೆಸರಾಗಿವೆ. 30.06ರ ಅಕ್ಷರ ಕನಿಷ್ಠ ಒಂದು ಇಂಚು ಎತ್ತರ ಇರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಆ ಫಲಕ ಇರುವ ಅಂಗಡಿಗೆ ನಾನು ಕಾಲಿಡುವುದಿಲ್ಲ, ಮುನಿಸೂ ಇಲ್ಲ. ಜಾಗ ಅವನದು. ಬೆಲೆ ಹಾಕುವ ಹಕ್ಕು ಮಾಲೀಕನಿಗೆ ಇರಬೇಕು ಎನ್ನುವವನು ಬಾಗಿಲು ಹಾಕುವ ಹಕ್ಕೂ ಅವನದೇ ಎಂದು ಒಪ್ಪಲೇಬೇಕು; ನನ್ನಂಥ ಬಂದೂಕಿನವರಲ್ಲಿ ಹಲವರು ಇಲ್ಲಿ ಜಾರುತ್ತಾರೆ.

ಕಾಕಾ ಯಾವ ಫಲಕವನ್ನೂ ಹಾಕಿಲ್ಲ. ದರೋಡೆಗೆ ಬರುವವನು ಫಲಕ ಓದುತ್ತಾನೆಯೇ ಎನ್ನುವ ಸವಕಲು ವಾದವನ್ನು ಅವರೂ ಹೇಳುತ್ತಾರೆ. ನನಗೆ ಹಿಡಿಸುವ ಕಾರಣ ಬೇರೆ. ಫಲಕ ಕಂಡ ಕೂಡಲೇ ಜನ ಏನು ಮಾಡುತ್ತಾರೆ? ಕಾರಿನ ಸೀಟಿನಲ್ಲೇ ಬಗ್ಗಿ ಪಿಸ್ತೂಲು ತೆಗೆದು ಡ್ಯಾಶ್‌ಬೋರ್ಡಿನ ಖಾನೆಗೆ ತುರುಕುತ್ತಾರೆ. ಸೊಂಟದಲ್ಲಿ ಅಲುಗದೆ ಇರುವ ಪಿಸ್ತೂಲು ತಾನಾಗಿ ಸಿಡಿಯುವುದಿಲ್ಲ. ಕೈ ಹಾಕಿ ತೆಗೆದು ಇಡುವ ಹೊತ್ತಿಗೇ ಅನಾಹುತ. ಮೇಲಾಗಿ ಹೆದ್ದಾರಿ ಬದಿಯ ಕಾರಿನ ಗಾಜು ಒಡೆಯುವುದು ಕಳ್ಳನಿಗೆ ಅರೆನಿಮಿಷದ ಕೆಲಸ.

2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ ಪಿಸ್ತೂಲು ಕೊಂಡೊಯ್ಯಲು ಲೈಸೆನ್ಸೇ ಬೇಕಿಲ್ಲ. ನಾನು ಮಾತ್ರ ಇಟ್ಟುಕೊಂಡಿದ್ದೇನೆ, ಇತರರಿಗೂ ಅದನ್ನೇ ಹೇಳುತ್ತೇನೆ. ಅರ್ಜಿ ಶುಲ್ಕ 40 ಡಾಲರ್. ಮೂರು, ಏಳು, ಹದಿನೈದು ಗಜ ದೂರದಿಂದ ಒಟ್ಟು 50 ಗುಂಡು ಹೊಡೆದು 250ಕ್ಕೆ 175 ಅಂಕ ಪಡೆಯಬೇಕು. ಅಷ್ಟೂ ಬರದವನ ಪಕ್ಕ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವಿಲ್ಲ. ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದೇ ಇಲ್ಲ. ಶಾಲೆಯ ಆವರಣದಿಂದ ಸಾವಿರ ಅಡಿಯೊಳಗೆ ಬಂದೂಕು ಒಯ್ಯುವುದು ಕೇಂದ್ರ ಕಾನೂನಿನಲ್ಲಿ ಅಪರಾಧ, ಆ ರಾಜ್ಯದ ಲೈಸೆನ್ಸ್ ಇದ್ದವನಿಗೆ ವಿನಾಯಿತಿ. ಚಿಕ್ಕ ಊರುಗಳಲ್ಲಿ ಮುಖ್ಯರಸ್ತೆಯೇ ಶಾಲೆಯ ಮುಂದೆ ಹೋಗುತ್ತದೆ. ಎಚ್-1ಬಿ ವೀಸಾದಲ್ಲಿ ಇರುವ ನಮ್ಮ ಹುಡುಗರು ಇದನ್ನು ಓದಿ ಅಂಗಡಿಗೆ ಓಡಬೇಡಿ: ಬೇಟೆಯ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದೇ ಅಪರಾಧ. ಗ್ರೀನ್ ಕಾರ್ಡ್ ಬರುವವರೆಗೆ ಕಾಯಿರಿ.

ಶೌಚಾಲಯದ ಬಗ್ಗೆ ಬರೆಯದೆ ಹೆದ್ದಾರಿ ಬಂಕಿನ ವಿಮರ್ಶೆ ಮುಗಿಯದು. ಪಿಸ್ತೂಲು ಇರುವವನಿಗಂತೂ ಅದೇ ಮುಖ್ಯ. ಗುಂಡು ತುಂಬಿದ ಗ್ಲಾಕ್ 19 ಸುಮಾರು 850 ಗ್ರಾಂ ತೂಗುತ್ತದೆ. ಬೆಲ್ಟ್ ಬಿಚ್ಚಿದ ಕೂಡಲೇ ಪ್ಯಾಂಟು ಒಂದು ಕಡೆಗೆ ಜಗ್ಗುತ್ತದೆ. ಆಗ ಪಿಸ್ತೂಲನ್ನು ತೆಗೆದು ನೀರಿನ ತೊಟ್ಟಿಯ ಮುಚ್ಚಳದ ಮೇಲೆ ಇಡುವುದು, ಕೋಟಿನ ಕೊಕ್ಕೆಗೆ ಸಿಕ್ಕಿಸುವುದು ಎರಡೂ ಮಹಾ ಮೂರ್ಖತನ. ಕೊಕ್ಕೆ ಟ್ರಿಗರಿನ ಬಳೆಯೊಳಗೇ ಹೋಗುತ್ತದೆ. ತೊಟ್ಟಿಯ ಮೇಲೆ ಇಟ್ಟವನು ಮರೆತು ಹೋಗುತ್ತಾನೆ, ಮುಂದೆ ಒಳಗೆ ಬರುವುದು ಹತ್ತು ವರ್ಷದ ಹುಡುಗ ಇರಬಹುದು. ಹೋಲ್‌ಸ್ಟರಿನಿಂದ, ಅಂದರೆ ಬೆಲ್ಟಿಗೆ ಸಿಕ್ಕಿಸುವ ಪಿಸ್ತೂಲಿನ ಒರೆಯಿಂದ, ತೆಗೆಯದೆ, ಬೆಲ್ಟನ್ನು ಮೊಣಕಾಲ ಬಳಿ ಮತ್ತೆ ಬಿಗಿದುಕೊಂಡು ಕೂರಬೇಕು. ಅಮೆರಿಕದ ಶೌಚಾಲಯಗಳಲ್ಲಿ ಅಡ್ಡಗೋಡೆ ನೆಲದಿಂದ ಒಂದಡಿ ಮೇಲೆ ನಿಲ್ಲುವುದರಿಂದ ಪಕ್ಕದವನಿಗೆ ಎಲ್ಲವೂ ಕಾಣುತ್ತದೆ. ಕಾಕಾ ಅವರಲ್ಲಿ ಅದು ನಾಲ್ಕು ಗೋಡೆಯ, ಒಳಗಿನಿಂದ ಚಿಲಕ ಹಾಕುವ ಪ್ರತ್ಯೇಕ ಕೋಣೆ. ಫಿನಾಯಿಲ್ ವಾಸನೆ, ಒಣಗಿದ ನೆಲ. ಇದಕ್ಕೇ ಒಂದು ಅಂಕ ಪೂರ್ತಿ ಕೊಟ್ಟಿದ್ದೇನೆ.

ಕಳೆದ ಅಂಕ ಗಲ್ಲಾದ ಪಕ್ಕದ ತಿರುಗುವ ಕಂಬಕ್ಕೆ. ಅದರಲ್ಲಿ ಬಿಸಿಲುಗನ್ನಡಕ, ಮೊಬೈಲ್ ಚಾರ್ಜರುಗಳ ನಡುವೆ ಎಲ್ಲ ಪಿಸ್ತೂಲಿಗೂ ಹೊಂದುತ್ತದೆ ಎಂಬ ಚೀಟಿ ಹೊತ್ತ ನೈಲಾನ್ ಹೋಲ್‌ಸ್ಟರುಗಳು ನೇತಾಡುತ್ತವೆ, ಹದಿನೈದು ಡಾಲರಿಗೆ ಒಂದು. ಒಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಟ್ಟೆ ಒಳಕ್ಕೆ ಹೋಗುತ್ತದೆ; ಅಲ್ಲಿ ಪಿಸ್ತೂಲು ಇದ್ದಿದ್ದರೆ ನಿಮ್ಮ ಬೆರಳು ಟ್ರಿಗರಿನ ಮೇಲೇ ಕೂರುತ್ತಿತ್ತು. ಗ್ಲಾಕಿಗೆ ಹೊರಗಿನ ಸೇಫ್ಟಿ ಗುಂಡಿ ಇಲ್ಲ, ಇರುವ ಸೇಫ್ಟಿಯ ಮೊದಲ ಹಂತ ಟ್ರಿಗರಿನಲ್ಲೇ ಇದೆ. ಅದನ್ನು ಮುಚ್ಚುವ ಗಟ್ಟಿ ಕವಚವೇ ನಿಮ್ಮ ತೊಡೆಯನ್ನು ಕಾಯುವುದು. ಇನ್ನೊಂದು ದೋಷ: ಪಿಸ್ತೂಲು ಹೊರಬಂದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆ, ಮರಳಿ ಸೇರಿಸಲು ಎಡಗೈಯಿಂದ ಬಿಡಿಸಬೇಕು, ಅಂದರೆ ನಳಿಕೆಯ ಮುಂದೆ ಸ್ವಂತ ಬೆರಳು. ಕಾಸಿ ಅಚ್ಚು ಹೊಡೆದ, ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯ, ನಿಮ್ಮ ಪಿಸ್ತೂಲಿನ ಮಾದರಿಗೆಂದೇ ಮಾಡಿದ ಹೋಲ್‌ಸ್ಟರ್ ಕೊಳ್ಳಿ. ದುಡ್ಡು ನಾಲ್ಕೈದು ಪಟ್ಟು, ಆದರೂ ಚೌಕಾಸಿ ಮಾಡುವ ಜಾಗ ಇದಲ್ಲ. ಜೊತೆಗೆ ದಪ್ಪ ಬೆಲ್ಟ್.

ಇದನ್ನು ಕಾಕಾ ಅವರಿಗೆ ಎದುರಿಗೇ ಹೇಳಿದೆ. ಕೇಳುವವರು ಇದ್ದಾರೆ, ತರಿಸುತ್ತೇನೆ, ನೀವು ಕೊಳ್ಳಬೇಡಿ ಎಂದರು. ಅವರ ಪೆಟ್ರೋಲ್ ಬೆಲೆಗೆ ನಾನು ಹೇಳುವ ಮಾತನ್ನೇ ನನಗೆ ತಿರುಗಿಸಿದರು. ಕಾನೂನು ತಂದು ಅವನ್ನು ನಿಲ್ಲಿಸಿ ಎನ್ನಲು ನನಗೆ ಬಾಯಿ ಬರದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಉಳಿದದ್ದು ಚುಟುಕಾಗಿ. ಕಾಫಿ ಸಾಧಾರಣ, ಕೇಳಿದರೆ ಒಳಗಿನಿಂದ ಶುಂಠಿ ಚಹಾ ಕೊಡುತ್ತಾರೆ, ಅದು ಉತ್ತಮ. ಟೈರಿಗೆ ಗಾಳಿ ಉಚಿತ. ಬಲತುದಿಯ ಪಂಪಿನ ಕಾರ್ಡ್ ಯಂತ್ರ ಬಿಸಿಲಿಗೆ ಮೊಂಡು ಹಿಡಿಯುತ್ತದೆ, ಬೇರೆಯದಕ್ಕೆ ಹೋಗಿ. ಅಂಗಡಿ ರಾತ್ರಿ ಹತ್ತಕ್ಕೆ ಮುಚ್ಚುತ್ತದೆ, ಕಾರ್ಡ್ ಇದ್ದರೆ ಪಂಪುಗಳು ಬೆಳಗಿನವರೆಗೂ ಕೆಲಸ ಮಾಡುತ್ತವೆ, ದೀಪಗಳೂ ಉರಿಯುತ್ತವೆ. ಪೂರ್ವಕ್ಕೆ ಮರಳುವಾಗ ಎದುರು ಬಂಕಿನ ಫಲಕವನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಮೂರು ಸೆಂಟ್ ಕಡಿಮೆ ಇದ್ದರೆ ನಾನು ಅಲ್ಲಿಯೇ ಹಾಕಿಸುತ್ತೇನೆ, ಕಾಕಾ ಅವರಿಗೂ ಅದು ಗೊತ್ತು.