ಹಳೇ ಕಾರಿನ ಬಾಗಿಲ ಗ್ಯಾಪ್ ಸರಿಮಾಡಿಸುವವರೇ, ಬಣ್ಣಕ್ಕೆ ಮೊದಲು ಎಚ್ಚರ

ಹಳೇ ಕಾರನ್ನು ಟಿಂಕರಿಂಗ್‌ಗೆ ಬಿಡುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ. ಬ್ರಿಟನ್ನಿನ ಹಳೇ ತೆರೆದ ಕಾರಾದ ನನ್ನ ಎಂಜಿಬಿ ರೋಡ್‌ಸ್ಟರ್‌ಗೆ ಒಂದು ವರ್ಕ್‌ಶಾಪಿನವರು ಮಾಡಿದ್ದು ಇನ್ನೊಬ್ಬರ ಕಾರಿಗೆ ಆಗಬಾರದು.

ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ತೊಲೆಗಳು, ಅಂದರೆ ಎರಡೂ ಸಿಲ್‌ಗಳಿಗೆ ತುಕ್ಕು ಹಿಡಿದಿತ್ತು. ಅವನ್ನು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ಬಾಗಿಲು, ಮಡ್‌ಗಾರ್ಡ್, ಬಾನೆಟ್ ಎಲ್ಲದರ ನಡುವಿನ ಗ್ಯಾಪ್ ಸರಿಮಾಡಿ ಬಣ್ಣ ಹೊಡೆದುಕೊಡುವುದು ಅಂತ ಮಾತಾಗಿತ್ತು. ಬಣ್ಣಕ್ಕೆ ಮುಂಚೆ ಒಂದು ಸಲ ನೋಡಬೇಕು, ಕರೆಯಿರಿ ಅಂತ ಹೇಳಿದ್ದೆ. ಕರೆಯಲೇ ಇಲ್ಲ. ಕಾರು ಥಳಥಳ ಹೊಳೆಯುತ್ತಾ ಕೈಗೆ ಬಂತು. ಗ್ಯಾಪ್‌ಗಳೂ ಕಣ್ಣಿಗೆ ಒಂದೇ ಸಮ.

ಓಡಿಸಲು ಶುರುಮಾಡಿದ ಮೇಲೆ ಬಣ್ಣ ಬಯಲಾಯಿತು. ಬಾಗಿಲಿನ ಹಿಂದಿನ ಮೇಲ್ತುದಿ ಪಕ್ಕದ ಪ್ಯಾನೆಲ್‌ಗೆ ಉಜ್ಜತೊಡಗಿತು. ಮೊದಲು ಕೂದಲೆಳೆ ಬಿರುಕು. ಆಮೇಲೆ ಉಗುರಗಲದ ಒಂದು ಚಕ್ಕೆಯೇ ಎದ್ದುಬಂತು. ಅದನ್ನು ಅಡ್ಡ ಹಿಡಿದು ನೋಡಿದೆ. ಮೇಲೆ ತೆಳ್ಳಗೆ ಬಣ್ಣ, ಅದರಡಿ ಬೂದು ಪ್ರೈಮರ್, ಉಳಿದದ್ದೆಲ್ಲ ಪುಟ್ಟಿ. ಒಳ್ಳೆ ಟಿಂಕರ್ 2–3 ಮಿ.ಮೀ. ಪುಟ್ಟಿಗೇ ಹಿಂದೆಮುಂದೆ ನೋಡುತ್ತಾರೆ. ಇಲ್ಲಿ ಬಾಗಿಲಿನ ಅಂಚನ್ನೇ ಪುಟ್ಟಿಯಲ್ಲಿ ಕಟ್ಟಿದ್ದರು.

ಬೇರೊಬ್ಬ ಟಿಂಕರ್ ಹತ್ತಿರ ತೋರಿಸಿದೆ. ಅವರು ಮೊದಲು ಬಾಗಿಲು ತೆರೆದು, ಅದರ ತುದಿಯನ್ನು ಕೈಯಿಂದ ಮೇಲಕ್ಕೆತ್ತಿ ಅಲುಗಾಡಿಸಿದರು. ಹಿಂಜ್ ಸವೆದಿದ್ದರೆ ಅಲ್ಲೇ ಲಟಕ್ ಅನ್ನುತ್ತದೆ. ಅನ್ನಲಿಲ್ಲ. ಆಮೇಲೆ ಟೇಪ್ ಹಿಡಿದು ಎರಡೂ ಬಾಗಿಲ ಜಾಗವನ್ನು ಮೂಲೆಯಿಂದ ಮೂಲೆಗೆ ಅಳೆದರು. ಎರಡು ಕಡೆಗೂ ತಾಳೆಯೇ ಇಲ್ಲ. ಅಂದರೆ ಬಾಗಿಲು ಸರಿಯಾಗಿಯೇ ಇದೆ, ಬಾಡಿಯೇ ಬಗ್ಗಿದೆ.

ಕಾರಣ ಸರಳ. ರೋಡ್‌ಸ್ಟರ್‌ಗೆ ಗಟ್ಟಿ ಛಾವಣಿ ಇಲ್ಲ, ಪ್ರತ್ಯೇಕ ಚಾಸಿಯೂ ಇಲ್ಲ. ಕಾರಿನ ಮುಂದನ್ನೂ ಹಿಂದನ್ನೂ ಹಿಡಿದಿಡುವುದರಲ್ಲಿ ಸಿಲ್‌ಗಳದ್ದೇ ದೊಡ್ಡ ಪಾಲು. ಅವನ್ನು ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಬ್ರೇಸ್ (ತಾತ್ಕಾಲಿಕ ಆಧಾರದ ಸರಳು) ವೆಲ್ಡ್ ಮಾಡಲೇಬೇಕು. ಇಲ್ಲದಿದ್ದರೆ ನಡುಭಾಗ ಕುಸಿದು, ಬಾಗಿಲ ಜಾಗ ಮೇಲ್ಗಡೆ ಕಿರಿದಾಗುತ್ತದೆ. ಆ ಸ್ಥಿತಿಯಲ್ಲೇ ಹೊಸ ಸಿಲ್ ವೆಲ್ಡ್ ಆದರೆ ಮುಗೀತು, ಸೊಟ್ಟವೇ ಖಾಯಂ. ನನ್ನ ಕಾರಿನಲ್ಲಿ ಬ್ರೇಸ್ ಹಾಕಿದ ಒಂದು ಗುರುತೂ ಸಿಗಲಿಲ್ಲ. ಬಾಗಿಲು ಕೂರದಿದ್ದಾಗ ಅಂಚು ಉಜ್ಜಿ, ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕೊಟ್ಟಿದ್ದಾರೆ. ಬಾಗಿಲನ್ನು ಎತ್ತಿ ಕೂರಿಸಲು ಲಾಕ್‌ನ ಸ್ಟ್ರೈಕರ್‌ನ್ನೂ (ಲಾಕ್ ಸಿಕ್ಕಿಕೊಳ್ಳಲು ಬಾಡಿಯಲ್ಲಿರುವ ಕೊಂಡಿ) ಬಳಸಿದ್ದಾರೆ. ಅದರ ಕೆಲಸ ಬಾಗಿಲನ್ನು ಹಿಡಿಯುವುದು ಮಾತ್ರ, ಎತ್ತುವುದಲ್ಲ. ಸ್ಟ್ರೈಕರ್ ಬಿಚ್ಚಿ ನೋಡಿದರೆ ಬಾಗಿಲು ನಿಜವಾಗಿ ಎಲ್ಲಿ ನಿಲ್ಲುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ.

ಹಾಗಾಗಿ ಕೆಲಸ ಕೊಡುವಾಗ ಕ್ರಮ ಕೇಳಿ. ಎಂಜಿಬಿಯಲ್ಲಿ ಹಿಂದಿನ ಮಡ್‌ಗಾರ್ಡ್ ಬಾಡಿಗೆ ವೆಲ್ಡ್ ಆಗಿರುತ್ತದೆ, ಅದು ಅಲುಗುವುದಿಲ್ಲ. ಆದ್ದರಿಂದ ಬಾಗಿಲನ್ನು ಅದಕ್ಕೆ ಹೊಂದಿಸಬೇಕು. ಬೋಲ್ಟ್‌ನಲ್ಲಿ ಕೂರುವ ಮುಂದಿನ ಮಡ್‌ಗಾರ್ಡನ್ನು ಬಾಗಿಲಿಗೆ, ಬಾನೆಟ್ಟನ್ನು ಕೊನೆಗೆ. ಮುಂದಿನಿಂದ ಶುರುಮಾಡಿದರೆ ಎಲ್ಲ ತಪ್ಪೂ ಬಾಗಿಲಿಗೆ ಬಂದು ಕೂರುತ್ತದೆ. ಹೊಸ ರಬ್ಬರ್ ಬೀಡಿಂಗ್ ಹಾಕಿ ಒಮ್ಮೆ, ಹಾಕದೆ ಒಮ್ಮೆ ಬಾಗಿಲು ಮುಚ್ಚಿಸಿ ನೋಡಿ. ದಪ್ಪ ಬೀಡಿಂಗ್ ಬಾಗಿಲನ್ನು ಹೊರಕ್ಕೆ ತಳ್ಳುತ್ತದೆ, ಪಾಪ ಹಿಂಜ್‌ಗೆ ಬೈಗುಳ. ಕೊನೆಯ ಅಳತೆ ಎಂಜಿನ್ ಕೂತು, ಗಾಜು ಬಾಗಿಲೊಳಗೆ ಇದ್ದು, ಕಾರು ತನ್ನ ಚಕ್ರಗಳ ಮೇಲೆ ನಿಂತಾಗಲೇ ಆಗಬೇಕು. ಸ್ಟ್ಯಾಂಡ್ ಮೇಲೆ ನೋಡಿದ ಗ್ಯಾಪ್ ನಂಬಬೇಡಿ. ಇಂದಿನ ಕಾರುಗಳಷ್ಟು ಸಣ್ಣ ಗ್ಯಾಪ್ ಬೇಕು ಅಂತ ಹಟ ಮಾಡುವುದೂ ಬೇಡ. ಉದ್ದಕ್ಕೂ ಸಮನಾಗಿ 4–5 ಮಿ.ಮೀ. ಇದ್ದರೆ ಆ ಕಾಲದ ಕಾರಿಗೆ ಅದು ಚೆಂದದ ಕೆಲಸವೇ.

ವರ್ಕ್‌ಶಾಪಿನವರನ್ನು ಕೇಳಿದ್ದಕ್ಕೆ "ಹಳೇ ಕಾರು ಅಂದ್ರೆ ಹೀಗೇ ಸಾರ್" ಅಂದರು. ಈ ಮಾತು ನನಗೆ ಕೆಲಸಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಅಷ್ಟು ವರ್ಷ ಬಾಳಿದ ಬಾಡಿಯನ್ನು ಬಗ್ಗಿಸಿದ್ದು ವಯಸ್ಸಲ್ಲ, ಅವರ ಕಟರ್.

ಈಗ ಆ ಸಿಲ್‌ಗಳನ್ನು ಮತ್ತೆ ಕತ್ತರಿಸಬೇಕಾಗಿದೆ. ಈ ಸಲ ಬ್ರೇಸ್ ಬಿದ್ದಿದೆ, ಹೊಸ ಸಿಲ್‌ಗೆ ಅಲ್ಲಲ್ಲಿ ಚುಕ್ಕೆ ವೆಲ್ಡ್ ಹಾಕಿ ಟ್ಯಾಕ್ ಮಾಡಿದಾಗಲೆಲ್ಲ ಬಾಗಿಲು ತೂಗುಹಾಕಿ ನೋಡುತ್ತಿದ್ದಾರೆ. ನಿಮ್ಮ ಕಾರು ಈಗಾಗಲೇ ಯಾರ ಬಳಿಯಾದರೂ ಇದ್ದರೆ, ಬ್ರೇಸ್ ಹಾಕಿದ ಫೋಟೋ ಇವತ್ತೇ ಕೇಳಿ. ಪ್ರೈಮರ್ ಹೊಡೆಯುವ ಮುನ್ನ ಹೋಗಿ, ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಂಚಿನ ಉದ್ದಕ್ಕೂ ಹಿಡಿಯಿರಿ. ಹಿಡಿತ ಸಡಿಲವಾದ ಕಡೆ ಕೆಲಸ ನಿಲ್ಲಿಸಿ, ಅದರಡಿ ಎಷ್ಟು ಪುಟ್ಟಿ ಇದೆ ಅಂತ ಕೆರೆದು ತೋರಿಸಲು ಹೇಳಿ.