ಮಾತನಾಡದವರನ್ನು ಗಮನಿಸುವ ಪಾಠ: ಬೆಳಗಾವಿಯ ನಾಯಕತ್ವ ತರಬೇತಿಯೊಂದರ ವಿಮರ್ಶೆ

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಫೌಂಡ್ರಿಗಳಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಲ್ಲಿ) ಮತ್ತು ಯಂತ್ರಭಾಗ ತಯಾರಿಸುವ ಘಟಕಗಳಲ್ಲಿ ಮೇಲ್ವಿಚಾರಣೆಯ ಹೊಣೆ ಹೊತ್ತವರಿಗಾಗಿ ಟಿಳಕವಾಡಿಯ ಸಭಾಂಗಣವೊಂದರಲ್ಲಿ ವಾರಾಂತ್ಯದ ನಾಯಕತ್ವ ತರಬೇತಿ ನಡೆಯುತ್ತಿದೆ. ಫೌಂಡ್ರಿಯೊಂದರ ಸೂಪರ್‌ವೈಸರ್ ಆಗಿರುವ ನಾನು ಅದನ್ನು ಪೂರ್ತಿ ಮುಗಿಸಿದ್ದೇನೆ. ಶುಲ್ಕ ಸಣ್ಣ ಘಟಕಗಳಿಗೆ ಹಗುರವಾದದ್ದಲ್ಲ; ಆದರೂ ನಿಮ್ಮವರನ್ನು ಕಳುಹಿಸಿ ಎಂದೇ ಮಾಲೀಕರಿಗೆ ಹೇಳುತ್ತೇನೆ.

ಮೊದಲ ದಿನದ ಮಧ್ಯಾಹ್ನದ ಅವಧಿಯೊಂದಕ್ಕೇ ಈ ಶುಲ್ಕ ಸಲ್ಲುತ್ತದೆ. ಎರಕದಲ್ಲಿ ಬ್ಲೋಹೋಲ್, ಅಂದರೆ ಅನಿಲ ಸಿಕ್ಕಿಕೊಂಡು ಆಗುವ ತೂತು, ಬೀಳಲು ಅಚ್ಚಿನ ಮರಳಿನ ತೇವ ಹೆಚ್ಚಾಗಿರುವುದು, ಕೋರ್ (ಎರಕದ ಒಳಗೆ ಟೊಳ್ಳು ಮೂಡಿಸಲು ಇಡುವ ಮರಳಿನ ತುಂಡು) ಸರಿಯಾಗಿ ಒಣಗದಿರುವುದು, ಅನಿಲ ಹೊರಹೋಗಲು ದಾರಿ ಸಾಲದಿರುವುದು ಕಾರಣವೆಂದು ನಮಗೆಲ್ಲ ಗೊತ್ತಿದೆ. ತರಬೇತುದಾರರು ಕೇಳಿದ್ದು ಬೇರೆಯೇ ಪ್ರಶ್ನೆ: ಮರಳು ಹಸಿಯಾಗಿದೆ ಎಂದು ಮೊದಲು ತಿಳಿದದ್ದು ಯಾರ ಕೈಗೆ, ಅವರು ನಿಮಗೆ ಏಕೆ ಹೇಳಲಿಲ್ಲ? ಸಭಾಂಗಣದಲ್ಲಿ ಬಹಳ ಹೊತ್ತು ಯಾರೂ ಉತ್ತರಿಸಲಿಲ್ಲ. ಆಮೇಲೆ ಅವರು ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳಲ್ಲಿ ನಡೆಸಿದ ಅಧ್ಯಯನವನ್ನು ವಿವರಿಸಿದರು. ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲಿ ಔಷಧ ನೀಡುವಾಗಿನ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಹೇಳಿಕೊಳ್ಳಲು ಅಂಜದಿದ್ದುದೇ ಅದಕ್ಕೆ ಕಾರಣವಿರಬೇಕೆಂದು ಆಕೆ ಕಂಡುಕೊಂಡರು. ಕೆಟ್ಟ ಸುದ್ದಿ ತಂದವನ ಮೇಲೆ ಹರಿಹಾಯದೆ ಕೇಳಿಸಿಕೊಳ್ಳುವುದು, ಅವನ ಸೂಚನೆಯಿಂದ ಮಾಲು ಹಾಳಾಗದೆ ಉಳಿದರೆ ಅದನ್ನು ಮಾಲೀಕರ ಮುಂದೆ ಅವನ ಹೆಸರಿನಲ್ಲಿಯೇ ಹೇಳುವುದು ನಾಯಕನ ಕೈಯಲ್ಲಿರುವ ಅತಿ ದೊಡ್ಡ ಔದಾರ್ಯವೆಂದು ನನಗೆ ಮನವರಿಕೆಯಾಯಿತು. ಆಯುಧಪೂಜೆಯ ದಿನ ಹಂಚುವ ಸಿಹಿಯನ್ನೇ ಔದಾರ್ಯವೆಂದು ನಂಬಿರುವ ನಮ್ಮ ವಲಯಕ್ಕೆ ಈ ಮಾತು ತೀರ ಅಗತ್ಯವಾಗಿತ್ತು.

ಸ್ಥಳೀಯ ಉದಾಹರಣೆಯ ಆಯ್ಕೆಯೂ ಮೆಚ್ಚುವಂಥದ್ದು. ಗಾಂಧೀಜಿ ಅಧ್ಯಕ್ಷರಾಗಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರಿನಲ್ಲಿ ಇದೇ ಟಿಳಕವಾಡಿಯಲ್ಲಿ ನಡೆಯಿತೆಂಬುದನ್ನು ಊರಿನವರು ಅಭಿಮಾನದಿಂದ ಹೇಳುತ್ತಾರೆ. ಆ ಅಧಿವೇಶನದಲ್ಲಿ ಶೌಚದ ಸ್ವಚ್ಛತೆಯ ಕೆಲಸಕ್ಕೆ ಮೇಲ್ಜಾತಿಯ ಸ್ವಯಂಸೇವಕರೂ ಕೈಹಾಕಿದ್ದರೆಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಯಾರ ದುಡಿಮೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ ಎಂಬ ಚರ್ಚೆ ಅಲ್ಲಿಂದ ಶುರುವಾಗಿ, ಎರಕದ ಮೇಲಿನ ಹೆಚ್ಚುವರಿ ಲೋಹವನ್ನು ಉಜ್ಜಿ ತೆಗೆಯುವ ಫೆಟ್ಲಿಂಗ್ ವಿಭಾಗದ ದೂಳಿನಲ್ಲಿ ನಿಲ್ಲುವವರ ತನಕ ಬಂತು.

ಎರಡನೆಯ ದಿನ ಸಪ್ಪೆಯಾಗಿತ್ತು. ಕೃತಜ್ಞತಾ ಪತ್ರ ಬರೆಸುವ ಚಟುವಟಿಕೆಯನ್ನು ಕೈಬಿಟ್ಟರೆ ನಷ್ಟವೇನಿಲ್ಲ. ಪರದೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿತ್ತು. ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ಶಿಫ್ಟಿನಲ್ಲಿ ಕೇಳಿಬರುವ ಈ ಊರಿನಲ್ಲಿ ಅದು ದೊಡ್ಡ ಕೊರತೆ. ಅದಕ್ಕಿಂತ ಗಂಭೀರವಾದದ್ದು, ಇಡೀ ತರಬೇತಿಯಲ್ಲಿ ಒಬ್ಬ ಕಾರ್ಮಿಕನಿಗೂ ಮಾತನಾಡುವ ಅವಕಾಶ ಇಲ್ಲದಿರುವುದು. ಓವರ್‌ಟೈಮ್ ಮತ್ತು ರಜೆಯ ನಿರ್ಧಾರ ಮಾಲೀಕರ ಬಳಿಯೇ ಉಳಿದಿರುವಾಗ ಸೂಪರ್‌ವೈಸರ್ ಎಷ್ಟರಮಟ್ಟಿಗೆ ಉದಾರಿಯಾಗಬಲ್ಲ ಎಂದು ನಾನು ಕೇಳಿದ್ದಕ್ಕೂ ತೃಪ್ತಿಕರ ಉತ್ತರ ಸಿಗಲಿಲ್ಲ.

ಹೊಸದಾಗಿ ಸೂಪರ್‌ವೈಸರ್ ಆದವರಿಗೆ ಇದು ಹೆಚ್ಚು ಉಪಯುಕ್ತ. ಶುಲ್ಕ ಕಟ್ಟುವ ಮುನ್ನ, ತರಬೇತಿ ಮುಗಿದ ಮೇಲೆ ಕಾರ್ಖಾನೆಗೇ ಬಂದು ಪರಿಶೀಲಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ. ಸಾಧ್ಯವಾದರೆ ಮಾಲೀಕರನ್ನೂ ಜೊತೆಗೆ ಕರೆದುಕೊಂಡು ಹೋಗಿ.