ದೂಧಸಾಗರ: ಮಳೆಗಾಲಕ್ಕೆ ರೈಲು, ಅಕ್ಟೋಬರಿಗೆ ಜೀಪು

ಗೋವಾದ ಕುಲೆಂನಿಂದ ದೂಧಸಾಗರ ಜಲಪಾತಕ್ಕೆ ಓಡುವ ಜೀಪುಗಳದ್ದು ಒಂದು ತಮಾಷೆಯ ಲೆಕ್ಕ. ಜಲಪಾತ ಮೈತುಂಬಿ ಧುಮ್ಮಿಕ್ಕುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವು ಬಂದ್. ಸಾಮಾನ್ಯವಾಗಿ ಅಕ್ಟೋಬರ್ ಮೊದಲ ವಾರದಲ್ಲಿ ಮತ್ತೆ ಶುರು. ಬಂಡೆಯೇ ಕಾಣದಷ್ಟು ಬಿಳಿ ನೀರು, ನಡುವೆ ಸೇತುವೆಯ ಮೇಲೆ ರೈಲು ಇರುವ ಆ ಪ್ರಸಿದ್ಧ ಫೋಟೋ ನೋಡಿ ಜನವರಿಯಲ್ಲಿ ಜೀಪ್ ಹತ್ತಿದವರು "ಇಷ್ಟೇನಾ?" ಎನ್ನುವುದು ಅದಕ್ಕೇ. ಅದರಲ್ಲಿ ಜೀಪಿನವರ ತಪ್ಪೇನೂ ಇಲ್ಲ. ಆ ನೋಟ ಮಳೆಗಾಲದ್ದು.

ಜಲಪಾತದ ಎತ್ತರ ಸುಮಾರು 310 ಮೀಟರ್. ನಾಲ್ಕು ಹಂತವಾಗಿ ಇಳಿಯುತ್ತದೆ. ಗೋವಾ-ಕರ್ನಾಟಕ ಗಡಿಯ ಘಟ್ಟದ ಅಂಚು, ಕೆಳಗೆ ಭಗವಾನ್ ಮಹಾವೀರ ಅಭಯಾರಣ್ಯ. ನೀರು ಕೊನೆಗೆ ಸೇರುವುದು ಮಾಂಡೋವಿಯನ್ನು, ಅಂದರೆ ನಮ್ಮ ಮಹದಾಯಿಯನ್ನು. ಮೇಲೆ ನೀರು ಹಿಡಿದಿಡುವ ದೊಡ್ಡ ಅಣೆಕಟ್ಟು ಇಲ್ಲ. ಜೋಗದಲ್ಲಿ ಲಿಂಗನಮಕ್ಕಿಯಿಂದ ನೀರು ಬಿಟ್ಟರೋ ಇಲ್ಲವೋ ಎಂದು ವಿಚಾರಿಸಬೇಕಾದ ಹಾಗೆ ಇಲ್ಲಿ ಯಾರನ್ನೂ ಕೇಳಬೇಕಿಲ್ಲ. ಘಟ್ಟದ ಮೇಲೆ ಹಿಂದಿನ ದಿನ ಎಷ್ಟು ಮಳೆ ಬಿತ್ತು ಎನ್ನುವುದಷ್ಟೇ ಮುಖ್ಯ. ಜೋರು ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ನೀರು ಏರುತ್ತದೆ, ನಿಂತರೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಕಾಡಿನ ಮಣ್ಣು ಹೀರಿಟ್ಟುಕೊಂಡ ನೀರು ನಿಧಾನವಾಗಿ ಒಸರುತ್ತಾ ಕೆಲವು ತಿಂಗಳು ಹರಿವನ್ನು ಕಾಪಾಡುತ್ತದೆ. ಆದ್ದರಿಂದ ಹೊರಡುವ ಮುಂಚೆ ಪಣಜಿಯ ಹವಾಮಾನ ನೋಡಿ ಪ್ರಯೋಜನವಿಲ್ಲ. ಘಟ್ಟದ ಮೇಲಿನ ಕ್ಯಾಸಲ್‌ರಾಕ್, ಲೋಂಡಾ ಕಡೆಯ ಮಳೆ ನೋಡಿ.

ಈಗ ಜೀಪ್ ಸೇವೆ. ಕುಲೆಂ ರೈಲು ನಿಲ್ದಾಣದ ಹತ್ತಿರವೇ ಕೌಂಟರ್. ಕಾಡಿನ ದಾರಿ 10 ಕಿ.ಮೀ.ಗೂ ಹೆಚ್ಚು, ಹೊಳೆಯನ್ನು ಅಲ್ಲಲ್ಲಿ ಹಾಯ್ದುಕೊಂಡು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕುಲುಕಾಡುತ್ತಾ ಹೋಗಬೇಕು. ಸ್ವಂತ ಗಾಡಿ ಬಿಡುವುದಿಲ್ಲ, ನಿಮ್ಮದು ಎಂಥ ಫೋರ್‌ವೀಲ್ ಡ್ರೈವ್ ಆದರೂ ಅಷ್ಟೇ. ಜೀಪ್ ನಿಲ್ಲುವ ಜಾಗದಿಂದ ಬಂಡೆ, ಬೇರುಗಳ ನಡುವೆ ಸುಮಾರು ಒಂದು ಕಿ.ಮೀ. ನಡಿಗೆ. ವಯಸ್ಸಾದವರು ಕೋಲು ಹಿಡಿದು ನಿಧಾನವಾಗಿ ಹೋಗಬಹುದು, ಆದರೆ ಮಂಡಿನೋವು ಇರುವವರಿಗೆ ಕೊನೆಯ ಬಂಡೆಗಳು ಕಷ್ಟ. ಚಪ್ಪಲಿ ಬೇಡವೇ ಬೇಡ. ತುಳಿದು ತುಳಿದು ನುಣುಪಾದ ಒದ್ದೆ ಕಲ್ಲಿನ ಮೇಲೆ ಸವೆದ ಅಟ್ಟೆಯ ಶೂ ಕೂಡ ಜಾರುತ್ತದೆ. ಹಿಡಿತ ಇರುವ ರಬ್ಬರ್ ಅಟ್ಟೆ ಬೇಕು.

ಬಾಡಿಗೆ ಇಡೀ ಜೀಪಿನ ಲೆಕ್ಕದಲ್ಲಿ. ಅದನ್ನು ಸುಮಾರು ಏಳು ಸೀಟಿಗೆ ಹಂಚುತ್ತಾರೆ. ಇಬ್ಬರೇ ಹೋದರೆ ಉಳಿದ ಸೀಟು ತುಂಬುವವರೆಗೆ ಕಾಯಬೇಕು, ಇಲ್ಲವಾದರೆ ಖಾಲಿ ಸೀಟಿಗೂ ದುಡ್ಡು ಕೊಡಬೇಕು. ಆರೇಳು ಜನರ ತಂಡಕ್ಕೆ ಈ ತಲೆನೋವು ಇಲ್ಲ. ಅರಣ್ಯ ಪ್ರವೇಶ ಶುಲ್ಕ, ಕ್ಯಾಮೆರಾ ಶುಲ್ಕ, ಲೈಫ್ ಜಾಕೆಟ್ ಬಾಡಿಗೆ ಬೇರೆ ಬೇರೆ ಬೀಳಬಹುದು. ಒಟ್ಟು ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ. ಜಾಕೆಟ್ ಕೈಗೆ ಬಂದ ಕೂಡಲೇ ಬಕಲ್ ಹಾಕಿ ಎಳೆದು ನೋಡಿ, ಸಡಿಲವಾಗಿದ್ದರೆ ಅಲ್ಲೇ ಬದಲಾಯಿಸಿ. ಜಲಪಾತದ ಬುಡದಲ್ಲಿ ನಿಂತು ಬದಲಾಯಿಸಲು ಆಗುವುದಿಲ್ಲ. ಅಲ್ಲಿ ಸಿಗುವ ಸಮಯವೂ ಕಡಿಮೆ, ಒಂದರಿಂದ ಒಂದೂವರೆ ಗಂಟೆ. ನಡಿಗೆಗೇ ಅರ್ಧ ಹೊತ್ತು ಹೋಗುವುದರಿಂದ ಬಟ್ಟೆ ಬದಲಿಸುವ ತಯಾರಿಯಲ್ಲೇ ಹೊರಡುವುದು ಜಾಣತನ. ತಿಂಡಿ ಪೊಟ್ಟಣ ಕೈಯಲ್ಲಿ ಕಂಡರೆ ಮಂಗಗಳು ಬಿಡುವುದಿಲ್ಲ.

ಇಷ್ಟು ಖರ್ಚು, ಇಷ್ಟು ಕುಲುಕಾಟ ಯಾವಾಗ ಸಾರ್ಥಕ? ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ. ಸೇವೆ ಶುರುವಾದ ಮೊದಲ ದಿನಗಳಲ್ಲಿ ಹೊಳೆ ಇನ್ನೂ ತುಂಬಿರುತ್ತದೆ, ಒಂದು ದೊಡ್ಡ ಮಳೆ ಬಿದ್ದರೆ ಆ ದಿನದ ಜೀಪುಗಳು ರದ್ದಾಗುತ್ತವೆ. ದೂರದಿಂದ ಬರುವವರು ಒಂದು ವಾರ ಬಿಟ್ಟು ಬಂದರೆ ಕ್ಷೇಮ. ಅಕ್ಟೋಬರಿನ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲಿನದು, ಹಾಗಾಗಿ ಬೆಳಗಿನ ಮೊದಲ ಜೀಪುಗಳೇ ಒಳ್ಳೆಯದು. ದಸರಾ, ದೀಪಾವಳಿ ರಜೆ ಮತ್ತು ಶನಿವಾರ-ಭಾನುವಾರ ತಪ್ಪಿಸಿ. ಈ ಹೊತ್ತಿನಲ್ಲಿ ಕಾಡಿನಲ್ಲಿ ಉಂಬಳ ಇನ್ನೂ ಇರುತ್ತದೆ. ಒಂದು ಚಿಟಿಕೆ ಉಪ್ಪು ಜೇಬಿನಲ್ಲಿರಲಿ.

ಡಿಸೆಂಬರ್ ಕೊನೆಯ ವಾರಕ್ಕೆ ನಮ್ಮ ಶಿಫಾರಸು ಇಲ್ಲ. ಹೊಸವರ್ಷಕ್ಕೆ ಗೋವಾಕ್ಕೆ ಬಂದವರೆಲ್ಲ ಒಂದು ದಿನ ಇತ್ತ ಬರುತ್ತಾರೆ, ಸರತಿ ಸಾಲು ಬೆಳಿಗ್ಗೆಯೇ ಉದ್ದವಾಗಿರುತ್ತದೆ. ಜನವರಿಯಲ್ಲಿ ಧಾರೆ ತೆಳ್ಳಗಾಗಿದ್ದರೂ ಕೆಳಗಿನ ಗುಂಡಿಯ ನೀರು ತಿಳಿಯಾಗಿ, ಈಜಲು ಬಂದವರಿಗೆ ಹಿತವಾಗಿರುತ್ತದೆ. ಆಳ ಇದೆ, ಹಗ್ಗದ ಗೆರೆ ದಾಟಬಾರದು. ಮಾರ್ಚ್ ದಾಟಿದ ಮೇಲೆ ಕಾಣುವುದು ಹೆಚ್ಚಾಗಿ ಬಂಡೆ.

ಜುಲೈ-ಆಗಸ್ಟ್‌ನ ದೂಧಸಾಗರ ಬೇಕಿದ್ದರೆ ರೈಲೇ ಗತಿ, ಅದೂ ಅಗ್ಗದಲ್ಲಿ. ಕ್ಯಾಸಲ್‌ರಾಕ್‌ನಿಂದ ಕುಲೆಂವರೆಗಿನ ಘಟ್ಟದಲ್ಲಿ ಏರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ 1 ಮೀಟರ್ ಎತ್ತರ. ಗಾಡಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ, ನಿಧಾನವಾಗಿ ಹೋಗುತ್ತದೆ. ನೋಡುವವರಿಗೆ ಅದು ಲಾಭವೇ. ಆದರೆ ಬೆಂಗಳೂರಿನವರು ಇಲ್ಲೇ ಎಡವುತ್ತಾರೆ: ಯಶವಂತಪುರ-ವಾಸ್ಕೋ ಗಾಡಿ ಈ ಘಟ್ಟ ಇಳಿಯುವುದು ನಡುರಾತ್ರಿ ಕಳೆದ ಮೇಲೆ. ಕಿಟಕಿಯಲ್ಲಿ ಸದ್ದು ಮಾತ್ರ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ಹಗಲಲ್ಲೇ ಇಳಿಯುತ್ತದೆ. ವಾರದ ಎಲ್ಲ ದಿನವೂ ಇಲ್ಲ, ವೇಳಾಪಟ್ಟಿ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಗೋವಾ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿ, ಬರುವಾಗ ಎಡಗಡೆ. ಎಸಿ ಬೋಗಿಯ ಗಾಜು ಮಂಜು ಹಿಡಿದಿರುತ್ತದೆ, ಸ್ಲೀಪರ್ ಸಾಕು. ಸೇತುವೆ ದಾಟುವ ಕೆಲವು ಕ್ಷಣಕ್ಕಿಂತ ಅದಕ್ಕೆ ಹಿಂದೆಮುಂದೆ ತಿರುವಿನಲ್ಲಿ ಸಿಗುವ ಪೂರ್ತಿ ನೋಟ ಹೆಚ್ಚು ಚೆನ್ನ. ಬಾಗಿಲಲ್ಲಿ ನೇತಾಡಬೇಡಿ, ಸುರಂಗದ ಗೋಡೆ ತೀರಾ ಹತ್ತಿರ.

ರೈಲಿನ ಆಟಕ್ಕೂ ಒಂದು ತೊಡಕಿದೆ, ಮಂಜು. ಸತತ ಜಡಿಮಳೆಯ ದಿನ ಇಡೀ ಕಣಿವೆ ಬೆಳ್ಳಗಾಗಿ ಜಲಪಾತವೇ ಕಾಣದೆ ಹೋಗಬಹುದು. ಎರಡು ಮೂರು ದಿನ ಸುರಿದು ಸ್ವಲ್ಪ ಬಿಡುವು ಕೊಟ್ಟ ಬೆಳಿಗ್ಗೆ ಸಿಕ್ಕಿದರೆ ಅದೃಷ್ಟ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲ ಭಾಗದಲ್ಲಿ ಇಂಥ ಬಿಡುವು ಹೆಚ್ಚು. ನೀರೂ ಇರುತ್ತದೆ, ನೋಟವೂ ತೆರೆಯುತ್ತದೆ. ಒಂದೇ ಸಲ ಹೋಗುವವರು ರೈಲಿಗೆ ಈ ಹೊತ್ತನ್ನೇ ಆರಿಸಿಕೊಳ್ಳಲಿ.

ಹಳಿಯ ಮೇಲೆ ನಡೆದು ಹೋಗುವ ಹಳೆಯ ಚಾರಣವನ್ನು ಈಗಲೂ ಹೇಳಿಕೊಡುವವರಿದ್ದಾರೆ. ಅದು ನಿಷಿದ್ಧ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಜುಲೈನಲ್ಲಿ ನೂರಾರು ಚಾರಣಿಗರನ್ನು ತಡೆದು, ಜಲಪಾತವನ್ನು ಬೋಗಿಯೊಳಗಿಂದಲೇ ನೋಡಿ ಎಂದು ನೈಋತ್ಯ ರೈಲ್ವೆ ಹೇಳಿತ್ತು. ದಂಡಕ್ಕಿಂತ ದೊಡ್ಡ ಕಾರಣ ಇದೆ: ಮಳೆಯ ಮತ್ತು ಜಲಪಾತದ ಸದ್ದಿನಲ್ಲಿ ಹಿಂದಿನಿಂದ ಬರುವ ಗಾಡಿ ಕೇಳುವುದಿಲ್ಲ, ಸುರಂಗದೊಳಗೆ ಸರಿದು ನಿಲ್ಲಲು ಎಲ್ಲೆಡೆ ಜಾಗವಿಲ್ಲ, ಇಳಿಜಾರಿನಲ್ಲಿ ಬರುವ ಗೂಡ್ಸ್ ಥಟ್ಟನೆ ನಿಲ್ಲುವುದೂ ಇಲ್ಲ. ದೂಧಸಾಗರ ನಿಲ್ದಾಣದಲ್ಲಿ ಗಾಡಿ ನಿಂತರೂ ಇಳಿಯಬೇಡಿ, ಅದು ಎಂಜಿನ್-ಬ್ರೇಕಿನ ಕೆಲಸಕ್ಕೆ ನಿಲ್ಲುವುದು.

ಜೀಪಿಗೆಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಕಡೆಯಿಂದ ರಸ್ತೆಯಲ್ಲಿ ಬರುವವರಿಗೆ ರಾಮನಗರ, ಅನಮೋಡ್, ಮೊಲೆಂ ದಾರಿ. ಮೊಲೆಂನಿಂದ ಕುಲೆಂ ಹತ್ತಿರವೇ. ಅನಮೋಡ್ ಘಟ್ಟದಲ್ಲಿ ಮಳೆಗೆ ಮಣ್ಣು ಕುಸಿಯುವುದುಂಟು, ಹಿಂದಿನ ದಿನ ರಸ್ತೆ ವಿಚಾರಿಸಿ. ಬೆಳಿಗ್ಗೆ ಹೊರಟು ಹತ್ತೂವರೆಗೆ ಕುಲೆಂ ತಲುಪುವುದಕ್ಕಿಂತ ಮುನ್ನಾದಿನ ರಾತ್ರಿಯೇ ಬಂದು ಉಳಿದು, ಕೌಂಟರ್ ತೆರೆಯುವ ಮೊದಲೇ ಸಾಲಿನಲ್ಲಿ ನಿಲ್ಲಿ.